ಹುಳುಮನೆ ಅತ್ತೆ ಕೂಗಿದ್ದು

ಮೊನ್ನೆ ಮಗುವಿಗೆ ಒಂಬತ್ತು ತಿಂಗಳ ಲಸಿಕೆ ಹಾಕಿಸಲು ರಾಮನಗರದ ಆಸ್ಪತ್ರೆಗೆ ಹೋಗಿದ್ದೆ. ಆಗಷ್ಟೇ ನೆಲ ಒರೆಸಿದ್ದರು. ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪೆಂದು ಮೂಗಿಗೆ ಅಡರಿತು. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಹುಳುಮನೆ ಅತ್ತೆಯ ವಾಸನೆ...

ಅವರು ನಮಗೆ ನೆಂಟರೇನಲ್ಲ. ಕನಕಪುರ ರಸ್ತೆಯ ನಮ್ಮೂರಲ್ಲಿ ಪಕ್ಕದ ಮನೆಯವರು. ರೇಷ್ಮೆ ಹುಳು ಸಾಕುತ್ತಿದ್ದರು, ಅದಕ್ಕೇ ಆ ಹೆಸರು. ಹುಳುಮನೆಗೆ ಕಾಲಿಡಬೇಕಾದರೆ ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಲೇಬೇಕು. ಒಮ್ಮೆ ರೇಷ್ಮೆ ಇಲಾಖೆಯ ಸಾಹೇಬರೊಬ್ಬರು ಬೂಟುಗಾಲಲ್ಲೇ ಒಳಗೆ ಹೊರಟು, ಸಾಹೇಬರ ಬೂಟಿಗೇನು ಮಣ್ಣು ಅಂಟಲ್ವಾ ಎಂದು ಅತ್ತೆಯಿಂದ ಬೈಸಿಕೊಂಡು ಹಿಂದೆ ಸರಿದದ್ದನ್ನು ನಾನೇ ನೋಡಿದ್ದೇನೆ. ರೋಗದ ಸುಳಿವೇ ಇಲ್ಲದಿದ್ದರೂ ಅತ್ತೆ ಹುಳುಗಳ ಮೇಲೆ ತಪ್ಪದೆ ಔಷಧಿ ಪುಡಿ ಉದುರಿಸುತ್ತಿದ್ದರು. ಬಂದ ಮೇಲೆ ಮಾಡೋದೇನು ಮಣ್ಣು, ಅನ್ನುವುದು ಅವರ ಮಾತು.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಮೊಮ್ಮಗಳ ವಿಷಯದಲ್ಲಿ ಎಡವಿದರು. ಮಗಳ ಮಗಳು, ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದ್ದಳು. ಆರನೇ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಕೂಸಾಗಿದ್ದಾಗ ಅವಳಿಗೆ ದಡಾರದ ಲಸಿಕೆ ತಪ್ಪಿಹೋಗಿತ್ತು. ಈಗ ಶಾಲೆಯಲ್ಲೇ ಎಲ್ಲರಿಗೂ ಹಾಕುತ್ತಾರೆ ಎಂದಾಗ, ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ಸುಳ್ಳು ಮೆಸೇಜು ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಅತ್ತೆ ಪ್ರಾರ್ಥನೆಯ ಹೊತ್ತಿಗೇ ಬಂದು ಅವಳ ಕೈ ಹಿಡಿದು ಹೊರಟರು. ಹೆಡ್‌ಮಿಸ್ ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ.

“ಚೆನ್ನಾಗಿರೋ ಮಗೀಗೆ ಯಾಕ್ರವ್ವ ಸೂಜಿ? ನಾಳಿಕ್ಕೆ ಏನಾರಾ ಆದ್ರೆ ನೀವ್ ಬಂದು ನೋಡ್ಕತೀರಾ?”

ಆ ಸಂಜೆ ನೋಯುವ ತೋಳು ನೀವಿಕೊಳ್ಳುತ್ತಾ, ತಪ್ಪಿಸಿಕೊಂಡಳಲ್ಲ ಎಂದು ಅವಳ ಮೇಲೆ ನನಗೆ ಹೊಟ್ಟೆಕಿಚ್ಚು.

ಕೆಲವು ತಿಂಗಳಿಗೆ ಶಾಲೆಗೆ ದಡಾರ ಬಂತು. ಲಸಿಕೆ ಹಾಕಿಸಿಕೊಂಡಿದ್ದ ನಾವು ಆಡಿಕೊಂಡೇ ಇದ್ದೆವು. ಅವಳು ಮಲಗಿದಳು. ಅಮ್ಮ ಬಂದಿದ್ದಾಳೆ ಎಂದು ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ ಕೂತರು. ಆಸ್ಪತ್ರೆಗೆ ಹೋದರೆ ಅಮ್ಮ ಮುನಿಯುತ್ತಾಳೆಂಬ ಭಯ. ನಮ್ಮವ್ವ ಹೇಳಿ ಹೇಳಿ ಸಾಕಾದಳು. ಕೊನೆಗೆ ಹುಡುಗಿಯ ಕಿವಿ ಸೋರಿ, ಉಸಿರು ಮೇಲೆ ಹತ್ತಿದಾಗ, ಗೂಡು ಕಟ್ಟಲು ಹಣ್ಣಾಗಿ ನಿಂತಿದ್ದ ಅಷ್ಟೂ ಹುಳುವನ್ನು ಹಾಗೇ ಬಿಟ್ಟು ಅತ್ತೆ ಅವಳನ್ನು ಎತ್ತಿಕೊಂಡು ಓಡಿದರು. ಬೆಳೆ ಹಾಳಾಯಿತು. ಹುಡುಗಿ ಉಳಿದಳು, ಕಿವಿ ಉಳಿಯಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಎಂದು ಊರವರು ಆಡಿಕೊಂಡರು. ಸಾಹೇಬರನ್ನೇ ಬೈದ ಅತ್ತೆ ಒಂದು ದಿನ ನಮ್ಮ ಜಗಲಿಯ ಮೇಲೆ ಕೂತು ಅವ್ವನಿಗೆ ಹೇಳಿದರು:

“ಹುಳಕ್ಕೆ ರೋಗ ಬರೋಕ್ ಮುಂಚೇನೆ ಪುಡಿ ಹಾಕ್ದೆ ಕಣವ್ವ. ಮಗೀಗೆ ಬಂದ್ಮೇಲೂ ಸುಮ್ಕೆ ಕುಂತಿದ್ದೆ.”

ಮುಂದಿನ ವರ್ಷ ಸಣ್ಣ ತರಗತಿಯ ಮಕ್ಕಳಿಗೆ ಲಸಿಕೆ ಹಾಕಲು ಮತ್ತೆ ನರ್ಸ್‌ಗಳು ಬಂದರು. ಅದೇ ಮೆಸೇಜು, ಅದೇ ಭಯ. ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ಗೇಟಿನಲ್ಲೇ ನಿಂತುಬಿಟ್ಟರು. ಅತ್ತೆ ಮೊಮ್ಮಗಳನ್ನು ಕರೆತಂದು, ಬೆಳಗಿನ ಬಿಸಿಲು ಬಿದ್ದಿದ್ದ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು. ತಾವು ಹಿಂದೆ ಸರಿದು, ಕೈ ಎತ್ತಿ, ಅವಳ ಹೆಸರು ಹಿಡಿದು ಕೂಗಿದರು. ಮತ್ತೆ ಕೂಗಿದರು... ಹುಣಸೆ ಮರದ ಕಾಗೆಗಳು ಹಾರಿದವು. ಅವಳು ತಿರುಗಲಿಲ್ಲ.

“ನೋಡ್ಕಂಡ್ರಾ? ಇನ್ನೊಂದ್ ಕಿತ ಕರೀಲಾ?” ಎಂದರು ತಾಯಂದಿರಿಗೆ.

ಒಬ್ಬೊಬ್ಬರಾಗಿ ಮಕ್ಕಳನ್ನು ಒಳಗೆ ಕರೆದುಕೊಂಡು ಹೋದರು. ನನಗೋ ಮೈಯೆಲ್ಲ ಉರಿದುಹೋಗಿತ್ತು. ಗೆಳತಿಯನ್ನು ಊರ ಮುಂದೆ ಹೀಗೆ ನಿಲ್ಲಿಸುವುದೇ? ಎಷ್ಟೋ ದಿನ ಅತ್ತೆಯ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಆ ಒಂದು ಬೆಳಗನ್ನು ನೆನೆದು ಅವರು ವರ್ಷಗಟ್ಟಲೆ ಅವ್ವನ ಹತ್ತಿರ ಅಳುತ್ತಿದ್ದರಂತೆ.

ಅತ್ತೆ ಈಗಿಲ್ಲ. ಗೆಳತಿ ಚನ್ನಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ನನ್ನ ಗೊಣಗಾಟವನ್ನಂತೂ ಬೀದಿಯಾಚೆಯಿಂದಲೇ ಓದುತ್ತಾಳೆ. ನಿನ್ನೆ ಮಗು ನೋಡಲು ಬಂದಿದ್ದಳು. ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೇಳಿಯೇ ಬಿಟ್ಟೆ, ಅವತ್ತು ಶಾಲೆಯಲ್ಲಿ ನಿನಗೆ ಬೇಜಾರಾಗಲಿಲ್ಲವಾ ಎಂದು. ಅವಳು ನಕ್ಕಳು.

“ಗೋಡೆ ಮೇಲೆ ಅಜ್ಜಿ ನೆಳ್ಳು ಬಿದ್ದಿತ್ತು ಕಣೆ. ಕೈ ಎತ್ತಿ ಕರೀತಿರೋದು ಕಾಣ್ತಿತ್ತು. ತಿರುಗಿದ್ರೆ ಯಾರೂ ನಂಬ್ತಿರ್ನಿಲ್ಲ. ಅದ್ಕೇ ತಿರುಗ್ನಿಲ್ಲ.”

ಅಜ್ಜಿಗೆ ಹೇಳಿದ್ದೆಯಾ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಹೇಳೋಣ ಹೇಳೋಣ ಅನ್ನುವಷ್ಟರಲ್ಲಿ ಅಜ್ಜಿಯೇ ಹೋಯಿತಂತೆ. ಮೊಮ್ಮಗಳನ್ನು ಊರ ಮುಂದೆ ನಿಲ್ಲಿಸಿದೆನಲ್ಲ ಎಂದು ಅತ್ತೆ ಒಬ್ಬರೇ ಕೊರಗಿದರು. ಅವಳೂ ತಿಳಿದೇ ಅವರ ಜೊತೆ ನಿಂತಿದ್ದಳು ಅನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ.