ಹೊಟ್ಟಿನ ಒಲೆ ಕೊಟ್ಟ ಮೇಲೆ

ಹೊಟ್ಟಿನ ಒಲೆಯಷ್ಟು ಮೊಂಡು ವಸ್ತು ಇನ್ನೊಂದಿಲ್ಲ. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಸಾಮಿಲ್ಲಿನಿಂದ ತಂದ ಮರದ ಹೊಟ್ಟನ್ನು ಗಟ್ಟಿಯಾಗಿ ಜಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎಳೆದರೆ ನಡುವೆ ತೂತು ಉಳಿಯುತ್ತದೆ. ಕೆಳಗಿನ ಕಿಂಡಿಯಲ್ಲಿ ಒಮ್ಮೆ ಬೆಂಕಿ ಹಚ್ಚಿದಿರೋ, ಮುಗಿಯಿತು. ನಿಮ್ಮ ಅಡುಗೆ ಆಗಲಿ ಬಿಡಲಿ, ಹೊಟ್ಟು ತೀರುವ ತನಕ ಅದು ಉರಿಯುವುದೇ.

ತೆಲುಗು ಸೀಮೆಯ ಕುಷಾಯಿಗೂಡದ ವಠಾರವೊಂದರಲ್ಲಿ ನಾನು ಒಬ್ಬಳೇ ಇದ್ದೆ. ಊರಿಗೆ ಊರೇ ಕಂಪ್ಯೂಟರಿನ ಗುಂಗಿನಲ್ಲಿದ್ದ ಕಾಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಮೆರಿಕದ ಡಾಕ್ಟರುಗಳು ಒದರಿದ್ದನ್ನೆಲ್ಲ ದಿನವಿಡೀ ಟೈಪು ಮಾಡುವುದು ನನ್ನ ಕೆಲಸ. ಎಷ್ಟೋ ದಿನ ನಾನು ಬಾಯಿ ಬಿಡುತ್ತಿದ್ದುದು ಬಸ್ ಕಂಡಕ್ಟರನಿಗೆ ಸ್ಟಾಪಿನ ಹೆಸರು ಹೇಳಲು ಮಾತ್ರ. ಇಲ್ಲಿನ ರೇಷನ್ ಕಾರ್ಡಿಲ್ಲದ ನನಗೆ ಗ್ಯಾಸೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಕರೆಂಟಿನ ಒಲೆ ಹಚ್ಚಿದರೆ ಮನೆ ಮಾಲೀಕರು ಫ್ಯೂಸನ್ನೇ ಕಿತ್ತಿಡುತ್ತಿದ್ದರು.

ಹೀಗಾಗಿ ಸಂಜೆ ನನ್ನ ಹೊಟ್ಟಿನ ಒಲೆ ಅಂಗಳಕ್ಕೆ ಬರುತ್ತಿತ್ತು. ನನ್ನ ಹಿಡಿ ಅಕ್ಕಿ ಬೆಂದ ಮೇಲೂ ಬೆಂಕಿ ಧಗಧಗ. ಪಕ್ಕದ ಕೋಣೆಯ ಹೆಂಗಸು, ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುವವಳು, ತನ್ನ ಬೇಳೆಯ ಗಡಿಗೆ ತಂದಿಡುತ್ತಿದ್ದಳು. ಹೊಟ್ಟು ಒಂದು ದಿನ ನನ್ನದು, ಒಂದು ದಿನ ಅವಳದು. ಬೇಳೆ ಬೇಯುವಷ್ಟು ಹೊತ್ತೂ ಹರಟೆ. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಆ ಒಲೆಗೆ ನಾನು ಶಾಪ ಹಾಕದ ದಿನವಿಲ್ಲ.

ಕೊನೆಗೆ ಆಫೀಸಿನವರು ವಿಳಾಸದ ಪುರಾವೆಗೊಂದು ಪತ್ರ ಕೊಟ್ಟರು, ಗ್ಯಾಸ್ ಬಂತು. ದೊಡ್ಡ ದಾನಿಯ ಗತ್ತಿನಲ್ಲಿ ಒಲೆಯನ್ನು ಅವಳಿಗೇ ಕೊಟ್ಟೆ. “ಸುಮ್ಮನೆ ಹೊಗೆ ಯಾಕೆ, ಬೇಳೆ ನನ್ನ ಗ್ಯಾಸಿನ ಮೇಲೇ ಇಡು ಬಾ” ಎಂದೂ ಕರೆದೆ. ಅವಳು ಹೌಹಾರಿದಳು.

“ಬ್ಯಾಡ್ರಿ ಅಕ್ಕಾರ. ಹೊಟ್ಟು ಹೆಂಗಿದ್ರೂ ಉರದು ಹೋಗೂದು, ಅದಕ್ಕ ಇಡತಿದ್ದೆ. ಗ್ಯಾಸ್ ಹಂಗಲ್ಲ. ನನ್ನ ಬ್ಯಾಳಿ ಕುದ್ದಷ್ಟೂ ನಿಮಗ ಲುಕ್ಸಾನ್ ಅಲ್ಲೇನ್ರಿ?”

ಎಷ್ಟು ಬಲವಂತ ಮಾಡಿದರೂ ಬರಲಿಲ್ಲ. ನನ್ನ ಗ್ಯಾಸಿನ ಚಿಂತೆ ಇವಳಿಗೇಕೆ ಎಂದು ಸಿಟ್ಟೂ ಬಂತು. ಕುಕ್ಕರ್ ಕೂಗುತ್ತಿತ್ತು, ಒಲೆಯ ಕಿವಿ ತಿರುವಿದರೆ ಆರುತ್ತಿತ್ತು, ಅಲ್ಲಿಗೆ ನನ್ನ ಸಂಜೆ ಮುಗಿಯುತ್ತಿತ್ತು. ಸುಮ್ಮನೆ ಅಂಗಳದಲ್ಲಿ ಕೂರೋಣವೆಂದರೆ, “ಗ್ಯಾಸ್ ಇದ್ದವ್ರಿಗೆ ಹೊಗಿ ಯಾಕ್ರಿ? ಒಳಗ ನಡೀರಿ” ಎಂದು ಪ್ರೀತಿಯಿಂದಲೇ ಅಟ್ಟುತ್ತಿದ್ದಳು. ಒಳಗೆ ಬಂದು, ಯಾರಿಗೂ ಕೇಳದಂತೆ ಅಳುತ್ತಿದ್ದೆ.

ಸಿಲಿಂಡರ್ ಖಾಲಿಯಾದ ದಿನ ಪಾತ್ರೆ ಹಿಡಿದು ಹೊರಗೆ ಬಂದೆ. ಅವಳು ತನ್ನ ಗಡಿಗೆ ಇಳಿಸಿ ನನ್ನದನ್ನಿಟ್ಟಳು, ಮಣೆ ಸರಿಸಿದಳು. ಹೊಸದು ಬರುವವರೆಗೆ ದಿನವೂ ಹೋದೆ. ಬೇಗ ಬಾರದಿರಲಪ್ಪಾ ಎಂದುಕೊಂಡೆ. ಹಾಳಾದ್ದು, ಬಂದೇ ಬಂತು.

ಅಂದು ಸಂಜೆ ಅನ್ನವಾದ ಮೇಲೆ ನಾನು ಗ್ಯಾಸ್ ಆರಿಸಲಿಲ್ಲ. ದೊಡ್ಡ ಪಾತ್ರೆಯ ತುಂಬ ನೀರಿಟ್ಟೆ, ಉರಿ ಜೋರು ಮಾಡಿದೆ. ಸ್ನಾನಕ್ಕಲ್ಲ, ಯಾತಕ್ಕೂ ಅಲ್ಲ. ಬರೀ ನೀರು ಕುದಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು, ಸಿಲಿಂಡರ್ ಬೇಗ ತೀರಲಿ ಎಂದು ಕಾಯುತ್ತಿದ್ದೆ.