ತುದಿಗೆ ಸಾಣೆ ಹಿಡಿಯದ ಚಾಚಾ

ಚಾಚಾ ಅವರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಕೂದಲೆಳೆಯಂಥ ನೂರಾರು ಗೀರುಗಳಿದ್ದವು. ಸಾಣೆ ಹಿಡಿದ ಪ್ರತಿ ಚಾಕು, ಕತ್ತರಿ, ಕುಡಗೋಲನ್ನು ಅವರು ಆ ಉಗುರಿನ ಮೇಲೆ ಮೆಲ್ಲಗೆ ಊರಿ ನೋಡುತ್ತಿದ್ದರು. ಅಲಗು ಜಾರಿದರೆ ಇನ್ನೂ ಮೊಂಡು, ಕಚ್ಚಿ ನಿಂತರೆ ಹರಿತ. ಕಿಡಿ ಸಿಡಿದು ಸಿಡಿದು ಮುಂಗೈ ತುಂಬ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆಗಳು. ಬಲಗಡೆಯ ಹುಬ್ಬು ಅರ್ಧ ಸುಟ್ಟುಹೋಗಿದ್ದು ಮತ್ತೆ ಬೆಳೆದೇ ಇರಲಿಲ್ಲ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಗೋಡೆ ಪಕ್ಕ ನಿಲ್ಲಿಸಿದ ಸೈಕಲ್ಲೇ ಅವರ ಅಂಗಡಿ. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ತುಳಿದರೆ ಹ್ಯಾಂಡಲ್ ಮುಂದಿನ ಸಾಣೆಕಲ್ಲು ತಿರುಗುತ್ತಿತ್ತು. ಬೆಳಿಗ್ಗೆ ಮೋಮಿನಪುರದ ಮನೆಯಿಂದ ಅದೇ ಸೈಕಲ್ ಮೇಲೆ ಬರುವರು, ಸಂಜೆ ಅದರ ಮೇಲೆಯೇ ಹೋಗುವರು. ಅವರ ಪಕ್ಕದಲ್ಲಿ ನನ್ನ ಎಳನೀರಿನ ಗಾಡಿ. ಆಗ ನನಗೆ ಇಪ್ಪತ್ತೆರಡು. ಮೂರು ದಿನಕ್ಕೊಮ್ಮೆ ನನ್ನ ಮಚ್ಚು ಅವರ ಕಲ್ಲಿಗೆ ಹೋಗಲೇಬೇಕಾಗಿತ್ತು.

"ಏನ್ ಬೇಟಾ, ಕಾಯಿ ಕಡೀತಿಯೋ ಕಲ್ಲು ಕಡೀತಿಯೋ? ಅಲಗ ನೋಡು, ಮುದುಕನ ಹಲ್ಲ ಆದಂಗ ಆಗೈತಿ" ಎಂದು ಛೇಡಿಸುವರು.

"ನಿಮ್ಮ ಹಲ್ಲಿಗಿಂತ ಚಲೋ ಐತಿ ಬಿಡ್ರಿ ಚಾಚಾ" ಎಂದು ನಾನೂ ಬಿಡುತ್ತಿರಲಿಲ್ಲ.

ಯಾರು ಏನು ತಂದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಯಾತಕ್ಕ?" ಗಿರಾಕಿಗಳಿಗೆ ಸಿಟ್ಟು ಬರುತ್ತಿತ್ತು. ಚಾಕು ಯಾತಕ್ಕ ಅಂದರೆ ಏನು ಹೇಳೋದು, ಉಳ್ಳಾಗಡ್ಡಿ ಹೆಚ್ಚೋದಕ್ಕೆ! ಆದರೆ ಆ ಪ್ರಶ್ನೆಯ ಹಿಂದೆ ಒಂದು ಹೆಣವಿತ್ತು. ಅದು ನಾನು ಗಾಡಿ ಹಾಕುವುದಕ್ಕಿಂತ ಮೊದಲಿನ ಮಾತು. ಒಬ್ಬಾತ ಅಡುಗೆಮನೆಯ ಚಾಕು ತಂದು ಎರಡೂ ಮಗ್ಗುಲು ಹರಿತ ಮಾಡಿಸಿಕೊಂಡು ಹೋದ. ಮರುದಿನ ಅದು ಅವನ ಹೆಂಡತಿಯ ಹೊಟ್ಟೆಯಲ್ಲಿತ್ತು. ಆಕೆ ಚಾಚಾ ಅವರ ಓಣಿಯವಳು, ದಿನಾ ಹಾಯುವಾಗ ಸಲಾಂ ಹೇಳುವವಳು. ಪೊಲೀಸರು ಪಂಚನಾಮೆ ಮಾಡುವಾಗ ಚಾಚಾ ಮಂದಿಯ ನಡುವೆ ನಿಂತು ಆ ಚಾಕು ನೋಡಿದರು.

"ಅಷ್ಟು ನುಣ್ಣಗ ಧಾರ ಈ ಊರಾಗ ಬ್ಯಾರೆ ಯಾರೂ ಹಿಡಿಯಂಗಿಲ್ಲ ಬೇಟಾ. ನಂದಾ ಅದು" ಎಂದು ಒಮ್ಮೆ ನನಗೆ ಹೇಳಿದ್ದರು. ಹೇಳಿ, ಆ ಉಗುರನ್ನೇ ತಿಕ್ಕುತ್ತ ಕೂತಿದ್ದರು.

ಎಂಟು ದಿನ ಅವರು ಸೈಕಲ್ ಮುಟ್ಟಲಿಲ್ಲವಂತೆ. ಆಮೇಲೆ ಹೋದದ್ದು ಓಣಿ ಸಮಿತಿಗೆ. ಬುದ್ಧವಿಹಾರದ ಪಕ್ಕದಲ್ಲಿದ್ದ ಒಬ್ಬ ರಿಟೈರ್ ಆದ ನರ್ಸಬಾಯಿ, ಕೋಟನೂರಿನ ಹಿಟ್ಟಿನ ಗಿರಣಿಯವರು, ಇನ್ನೂ ನಾಲ್ಕು ಮಂದಿ ಸೇರಿ ನಡೆಸುತ್ತಿದ್ದ ಸಮಿತಿ ಅದು. ಗಂಡನಿಂದ ಏಟು ತಿಂದ ಹೆಂಗಸರನ್ನು ದವಾಖಾನೆಗೆ ಒಯ್ಯುವುದು, ಠಾಣೆಗೆ ಜೊತೆಗೆ ಹೋಗುವುದು, ಮನೆಯಲ್ಲಿ ಜಗಳದ ಬೆಂಕಿ ಬಿದ್ದಾಗ ಮಕ್ಕಳನ್ನು ನಾಲ್ಕು ದಿನ ಇಟ್ಟುಕೊಳ್ಳುವುದು, ಇದು ಅವರ ಕೆಲಸ. ಎಲ್ಲವೂ ರಕ್ತ ಹರಿದ ಮೇಲಿನ ಕೆಲಸ. ಚಾಚಾ ಅವರ ಹತ್ತಿರ ಮಾತ್ರ ರಕ್ತ ಹರಿಯುವ ಮೊದಲಿನ ಸುದ್ದಿ ಇರುತ್ತಿತ್ತು. ಪೊಲೀಸರಿಗೆ ಗೊತ್ತಾಗುವ ಮೊದಲು ಸಾಣೆಯವನಿಗೆ ಗೊತ್ತಾಗುತ್ತದಲ್ಲ!

ಅವತ್ತಿನಿಂದ ಯಾರ ಮೇಲಾದರೂ ಗುಮಾನಿ ಬಂದರೆ "ಕಲ್ಲು ಬಿಸಿ ಆಗೈತಿ, ನಾಳಿ ಬಾ" ಎಂದು ಹತಾರ ಇಟ್ಟುಕೊಂಡು ಸಮಿತಿಗೆ ಹೇಳಿಕಳಿಸುವರು. ಸಮಿತಿಯ ಇಬ್ಬರು ಆ ಮನುಷ್ಯನ ಮನೆಗೆ ಹೋಗಿ ಬಾಗಿಲಲ್ಲಿ ಕೂಡುವರು. ಉಪದೇಶ ಇಲ್ಲ, ಗದ್ದಲ ಇಲ್ಲ. ನೀರು ಕೇಳಿ ಕುಡಿದು ಸುಮ್ಮನೆ ಕೂಡುವುದು. ಹೊಸ್ತಿಲ ಮೇಲೆ ಹಿರಿಯರು ಕೂತಿದ್ದರೆ ಅವರನ್ನು ದಾಟಿ ಕೊಲೆ ಮಾಡಲು ಹ್ಯಾಗೆ ಹೋಗೋದು? ಊರ ಮಂದಿ ಇದಕ್ಕೆ 'ಕುಂಡ್ರೋ ಸಂಘ' ಎಂದು ಹೆಸರಿಟ್ಟು ನಗುತ್ತಿದ್ದರು. ಎಲ್ಲರಿಗಿಂತ ಜಾಸ್ತಿ ನಕ್ಕವನು ನಾನೇ.

ನಮ್ಮಣ್ಣ ಕಲಬುರಗಿಯಿಂದ ಕಮಲಾಪುರಕ್ಕೆ ಟಂಟಂ ಹೊಡೆಯುತ್ತಿದ್ದ. ಟಂಟಂ ಅಂದರೆ ಹತ್ತು ಮಂದಿಯನ್ನು ತುರುಕಿಕೊಂಡು ಓಡುವ ದೊಡ್ಡ ಆಟೊ. ಒಂದು ದಿನ ಕಮಲಾಪುರದ ಸ್ಟ್ಯಾಂಡಿನಲ್ಲಿ ಪಾಳಿ ಯಾರದು ಅಂತ ಅಲ್ಲಿಯ ಡ್ರೈವರ್ ಶರಣು ಜೊತೆ ಜಗಳವಾಯಿತು. ಶರಣು ಜ್ಯಾಕಿನ ರಾಡ್ ತೆಗೆದು ಅಣ್ಣನ ಮುಖಕ್ಕೆ ಬಾರಿಸಿದ. ನಾನು ದವಾಖಾನೆಗೆ ಹೋಗಿ ನೋಡಿದಾಗ ಅಣ್ಣನ ಎಡಗಣ್ಣು ಇದ್ದ ಜಾಗದಲ್ಲಿ ಬರೀ ರಕ್ತದ ಹೆಪ್ಪು. ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದಿದ್ದೆ. ಆ ಅಂಗಿಯನ್ನು ಅವ್ವ ಮೂರು ಸಲ ಒಗೆದರೂ ಕಲೆ ಹೋಗಲಿಲ್ಲ. ಕಣ್ಣು ತೆಗೆದುಬಿಟ್ಟರು. ಶರಣು ಜೈಲಿಗೆ ಹೋದ, ಜಾಮೀನು ಸಿಕ್ಕಿತು, ಮತ್ತೆ ಅದೇ ಸ್ಟ್ಯಾಂಡಿನಲ್ಲಿ ಟಂಟಂ ಹೊಡೆಯತೊಡಗಿದ. ಅಲ್ಲಿಂದ ಬಂದ ಗಿರಾಕಿಯೊಬ್ಬ ಎಳನೀರು ಕುಡಿಯುತ್ತ, "ನಿಮ್ಮಣ್ಣಗ ಒಕ್ಕಣ್ಣ ಅಂತ ಹೆಸರಿಟ್ಟು ನಗಾಕತ್ತಾನ ನೋಡಪ್ಪಾ ಅಂವ" ಎಂದ. ಖರೆಯೋ ಸುಳ್ಳೋ ನಾನು ಕೇಳಲಿಲ್ಲ. ಸಿಟ್ಟು ನೆತ್ತಿಗೇರಿತು.

ಸುಡುಸುಡು ಮಧ್ಯಾಹ್ನ. ಮಚ್ಚು ಒಯ್ದು ಚಾಚಾ ಅವರ ಮುಂದೆ ಹಿಡಿದೆ.

"ಧಾರ ಹಿಡೀರಿ ಚಾಚಾ. ತುದಿಗೂ ಹಿಡೀರಿ."

ಅವರ ಕಾಲು ನಿಂತಿತು. "ಎಳನೀರಿಗೆ ತುದಿ ಯಾತಕ್ಕ?"

ಕಾಯಿ ಕೆತ್ತುವುದು ಮಚ್ಚಿನ ಹೊಟ್ಟೆಯಿಂದ. ತುದಿಗೆ ಅಲ್ಲಿ ಕೆಲಸವೇ ಇಲ್ಲ. ಸಿಕ್ಕಿಬಿದ್ದೆ ಅಂತ ಗೊತ್ತಾಗಿ ನನ್ನ ದನಿ ಏರಿತು. "ಹಿಡೀರಿ ಅಂದ್ರ ಹಿಡೀರಿ. ಇಲ್ಲಂದ್ರ ಬ್ಯಾರೆ ಕಡಿ ಹೋಗ್ತೀನಿ."

"ಕಲ್ಲು ಬಿಸಿ ಆಗೈತಿ ಬೇಟಾ, ನಾಳಿ..."

"ನನ್ನ ಮುಂದ ಆ ನಾಟಕ ಬ್ಯಾಡ್ರಿ!"

ಅವರು ಮಚ್ಚು ತೆಗೆದುಕೊಂಡು ತುಳಿಯತೊಡಗಿದರು. ಕಿಡಿಯೋ ಕಿಡಿ. ಒರೆಸಿ ಕೈಗೆ ಕೊಟ್ಟರು. ಉಗುರಿನ ಮೇಲೆ ಊರಿ ನೋಡಲಿಲ್ಲ. ಅದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಅವರು ಅಲಗನ್ನು ಕಲ್ಲಿಗೆ ನೆಟ್ಟಗೆ ಒತ್ತಿ, ಇದ್ದಬದ್ದ ಹರಿತವನ್ನೆಲ್ಲ ತಿಂದುಹಾಕಿದ್ದರು.

ನಾನು ಹೋದ ತಕ್ಷಣ ಚಾಚಾ ಸಮಿತಿಗೆ ಓಡಿದರು. ನರ್ಸಬಾಯಿ, ಗಿರಣಿಯವರು ಇಬ್ಬರೂ ನಮ್ಮ ಮನೆಗೆ ಹೋಗಿ ಬಾಗಿಲಲ್ಲಿ ಕೂತರು. ಆದರೆ ನಾನು ಮನೆಗೆ ಹೋಗಲೇ ಇಲ್ಲ. ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನೇರ ಕಮಲಾಪುರದ ಬಸ್ಸು ಹತ್ತಿದ್ದೆ.

ಶರಣು ತನ್ನ ಟಂಟಂ ಮೇಲೆ ಕೆಂಪು ಬಾಳೆಯ ಗೊನೆ ಏರಿಸುತ್ತಿದ್ದ. ಹಿಂದಿನಿಂದ ಹೋದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹಿಂದಿನಿಂದಲೇ ಹೋಗಿ ಕುತ್ತಿಗೆಗೆ ಬೀಸಿದೆ. ಧಪ್ ಎಂದಿತು. ಕತ್ತರಿಸಲಿಲ್ಲ, ಹೆಗಲ ಮುಂದಿನ ಎಲುಬು ಮುರಿಯಿತು. ಅವನು "ಯವ್ವಾ!" ಎಂದು ತಿರುಗಿ ಬಲಗೈ ಅಡ್ಡ ಹಿಡಿದ. ಆ ಕೈಗೆ ಹೊಡೆದೆ. ಮತ್ತೆ ಹೊಡೆದೆ. ಒಣ ಕಬ್ಬು ಮುರಿದಂತೆ ಸಪ್ಪಳ ಬಂತು. ಚರ್ಮ ಹರಿದು ಬಿಳಿ ಎಲುಬು ಹೊರಬಂತು, ಕೈ ಜೋತುಬಿತ್ತು. ಬಾಳೆಗೊನೆಯ ಮೇಲೆಲ್ಲ ರಕ್ತ. ಇವನು ಸಾಯುತ್ತಿಲ್ಲ ಯಾಕೆ ಅಂತ ಮಚ್ಚು ನೋಡಿದೆ. ಅಲಗಿಗೆ ಹರಿತವೇ ಇರಲಿಲ್ಲ, ಅದರ ಜಾಗದಲ್ಲಿ ಒಂದು ದಪ್ಪ ಬಿಳಿ ಗೆರೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಮಂದಿ ನನ್ನ ಮೇಲೆ ಬಿದ್ದರು. ಚಪ್ಪಲಿ, ಕಲ್ಲು, ಒದೆ. ಒಂದು ಪಕ್ಕೆಲುಬು ಹೋಯಿತು. ಎಚ್ಚರವಾದಾಗ ಪೊಲೀಸರ ಗಾಡಿಯಲ್ಲಿದ್ದೆ.

ಮಚ್ಚು ಹರಿತವಿದ್ದಿದ್ದರೆ ಮೊದಲ ಏಟಿಗೇ ಜೀವ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ, ಉರಿಯಿತು. ಚಾಚಾ ಜೈಲಿಗೆ ನೋಡಲು ಬಂದಾಗ ಜಾಳಿಗೆಯ ಈಚೆಯಿಂದ ಕಿರುಚಿದೆ: "ನನಗ ಮೋಸ ಮಾಡಿದ್ರಿ!"

"ಹೌದು, ಮಾಡ್ದೆ" ಎಂದರು. "ಆದ್ರ ಅರ್ಧಾನೇ ಮಾಡ್ದೆ ಬೇಟಾ. ಧಾರ ತೆಗದ್ರ ಹತಾರ ಸತ್ತ ಹೋಗ್ತೈತಿ ಅಂದ್ಕೊಂಡೆ. ಐವತ್ತು ವರ್ಷ ಧಾರ ಒಂದಾ ನೋಡೀನಿ, ಕಬ್ಬಿಣದ ತೂಕ ನೋಡ್ಲಿಲ್ಲ. ಸೈಕಲ್ ಅಲ್ಲೇ ಒಗದು ನಿನ್ನ ಹಿಂದ ಬಸ್ ಹತ್ತಬೇಕಾಗಿತ್ತು. ಆ ಹುಡುಗನ ಕೈ ಹೋಗಿದ್ದು ನನ್ನ ಬುದ್ಧಿಯಿಂದ."

ನಾನು ಉಗುಳಿದೆ. ಉಗುಳು ಜಾಳಿಗೆ ದಾಟಿ ಅವರ ಗಡ್ಡಕ್ಕೆ ಸಿಡಿಯಿತು. ಅವರು ಹೆಗಲ ಮೇಲಿನ ರುಮಾಲಿನಿಂದ ಒರೆಸಿಕೊಂಡು, "ನಿಮ್ಮವ್ವ ಚಲೋ ಅದಾಳ. ಉಣ್ಣೋದು ಬಿಡಬ್ಯಾಡ" ಎಂದು ಹೇಳಿ ಎದ್ದುಹೋದರು. ಆ ನೆನಪು ಬಂದಾಗಲೆಲ್ಲ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ.

ಆಮೇಲೆ ಅವರು ದಿನಾ ಎಲ್ಲಿಗೆ ಹೋಗುತ್ತಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ನರ್ಸಬಾಯಿಯಿಂದ. ಶರಣುವಿನ ಇಬ್ಬರು ಅಣ್ಣಂದಿರು ನಮ್ಮಣ್ಣನನ್ನು ಮುಗಿಸಿಯೇ ಸಿದ್ಧ ಎಂದು ನಿಂತಿದ್ದರು. ನಾನು ಒಳಗೆ, ಮನೆಯಲ್ಲಿ ಮುದಿ ಅವ್ವ, ಒಂದು ಕಣ್ಣಿನ ಅಣ್ಣ. ಚಾಚಾ ಸೈಕಲ್ಲಿಗೆ ಬೀಗ ಹಾಕಿ ದಿನಾ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತತೊಡಗಿದರು. ಶರಣುವಿನ ಕೈಯ ಪಟ್ಟಿ ಬದಲಿಸಲು ನರ್ಸಬಾಯಿ ಒಳಗೆ ಹೋದರೆ, ಚಾಚಾ ಹೊಸ್ತಿಲ ಹೊರಗೆ ಕೂಡುವರು.

ಮೊದಲ ದಿನವೇ ಶರಣುವಿನ ಹಿರಿಯಣ್ಣ ಕೇಳಿದ: "ಆ ಮಚ್ಚಿಗೆ ಸಾಣಿ ಹಿಡದಂವ ನೀನಾ ಏನು?"

"ಹೌದಪ್ಪಾ, ನಾನಾ."

ಎದೆಗೆ ಒದ್ದ. ಚಾಚಾ ಮಗುಚಿ ಬಿದ್ದು, ಬಾಯಿ ಕಲ್ಲಿಗೆ ಬಡಿದು, ಮುಂದಿನ ಎರಡು ಹಲ್ಲು ಉದುರಿದವು. ಬಿಳಿ ಗಡ್ಡದ ತುಂಬ ರಕ್ತ. ಎದ್ದು, ಹಲ್ಲು ಹುಡುಕಿ ಜೇಬಿಗೆ ಹಾಕಿಕೊಂಡು, ಅದೇ ಜಾಗದಲ್ಲಿ ಮತ್ತೆ ಕೂತರು. ಮರುದಿನ ಬಾತ ತುಟಿ ಹೊತ್ತುಕೊಂಡು ಮತ್ತೆ ಬಂದರು. ಆ ಮನೆಯವರು ಮೈಮೇಲೆ ಸಗಣಿ ನೀರು ಸುರಿದರು, ಚಾಚಾ ಕೂತೇ ಇದ್ದರು. ಐದನೆಯ ದಿನ ಶರಣುವಿನ ತಾಯಿಗೆ ತಡೆಯಲಾಗಲಿಲ್ಲ. ಒಂದು ತಂಬಿಗೆ ನೀರು ತಂದಿಟ್ಟು, "ಎದ್ದು ಹೋಗಪ್ಪಾ ನಮ್ಮಪ್ಪಾ, ನನ್ನ ಬಾಗಿಲಾಗ ಸಾಯಬ್ಯಾಡ" ಎಂದಳು.

"ನೀರು ಕುಡೀತೀನಿ ತಂಗಿ. ಏಳಂಗಿಲ್ಲ. ನಾ ಎದ್ರ ನಿನ್ನ ಉಳದ ಇಬ್ಬರು ಮಕ್ಕಳೂ ಜೈಲು ಸೇರ್ತಾರ."

ಹನ್ನೊಂದನೆಯ ದಿನ ಹಿರಿಯಣ್ಣ ಒಳಗಿನಿಂದ ಒಂದು ಕೊಡಲಿ ತಂದು ಅವರ ಮುಂದೆ ಎಸೆದ. "ತಗೊಂಡು ಹೋಗು ಮುದುಕಾ. ಸಾಕಾಗಿ ಹೋಗೈತಿ ನಿನ್ನ ಕಾಟ!" ಚಾಚಾ ಅದನ್ನು ರುಮಾಲಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಬಂದರಂತೆ. ನಮ್ಮಣ್ಣ ಇವತ್ತಿಗೂ ಬದುಕಿದ್ದಾನೆ.

ನಾನು ನಾಲ್ಕು ಬೇಸಿಗೆ ಒಳಗೆ ಕಳೆದು ಹೊರಗೆ ಬಂದೆ. ಹೊಸ ಮಚ್ಚು ಕೊಂಡು, ಹೆದರುತ್ತ ಅವರ ಮುಂದೆ ನಿಂತೆ. ಚಾಚಾ ತಲೆಯೆತ್ತಿ, "ಯಾತಕ್ಕ?" ಎಂದರು.

"ಎಳನೀರಿಗ್ರೀ."

ಹೊಟ್ಟೆಗೆ ಸಾಣೆ ಹಿಡಿದರು. ಉಗುರಿನ ಮೇಲೆ ಊರಿದರು, ಕಚ್ಚಿ ನಿಂತಿತು. ತುದಿಯನ್ನು ಮಾತ್ರ ಕಲ್ಲಿಗೆ ಒತ್ತಿ ದುಂಡಗೆ ಮಾಡಿ, ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಾನು ನಡುಬಜಾರದಲ್ಲಿ ಅವರ ಕಾಲು ಹಿಡಿದು ಅತ್ತುಬಿಟ್ಟೆ. "ಏ ಹುಚ್ಚಾ, ಗಿರಾಕಿ ನೋಡಾಕತ್ತಾರ, ಏಳು!" ಎಂದು ಬೈದರು. ಆ ವಾರದಿಂದ ನಾನೂ ಸಮಿತಿಯವರ ಜೊತೆ ಹೋಗಿ ಕೂಡತೊಡಗಿದೆ. ಬೈಗುಳ ತಿಂದಿದ್ದೇನೆ, ಒಮ್ಮೆ ಕೈಮೇಲೆ ಕುದಿಯುವ ಚಹಾ ಸುರಿಸಿಕೊಂಡಿದ್ದೇನೆ. ಎಷ್ಟೋ ಸಲ ನಾವು ತಡವಾಗಿಯೂ ಹೋಗಿದ್ದೇವೆ. ಆ ಹೆಣಗಳ ಮನೆಗೂ ಹೋಗಿ ಕೂತಿದ್ದೇವೆ.

ಕಲ್ಲಿನ ಪುಡಿ ಎದೆಯಲ್ಲಿ ಕೂತು ಚಾಚಾ ಅವರಿಗೆ ಕೆಮ್ಮು ಹತ್ತಿತ್ತು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಉಸಿರು ನಿಂತಿತು. ಕಬರಸ್ತಾನಕ್ಕೆ ಮೋಮಿನಪುರವೇ ಬಂದಿತ್ತು. ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಕೊಡುತ್ತಿದ್ದಾಗ ನನ್ನ ಪಕ್ಕಕ್ಕೆ ಯಾರೋ ಬಂದು ನಿಂತರು. ನೋಡಿದರೆ ಶರಣು. ಆ ದಿನದ ಮೇಲೆ ಕೋರ್ಟಿನಲ್ಲಿ ಬಿಟ್ಟರೆ ಅವನನ್ನು ನಾನು ನೋಡಿರಲೇ ಇಲ್ಲ.

"ನಿನ್ನ ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ" ಎಂದ, ನನ್ನ ಕಡೆ ನೋಡದೆ. "ಚಾಚಾಗ ಮಣ್ಣು ಕೊಡಾಕ ಬಂದೀನಿ."

ಬಗ್ಗಿ ಬಲಗೈಯಲ್ಲಿ ಮಣ್ಣು ಎತ್ತಿದ. ನಾನು ಮುರಿದ ಕೈ ಅದು, ಬೆರಳು ಮುಚ್ಚುವುದಿಲ್ಲ. ಮಣ್ಣೆಲ್ಲ ಬೆರಳ ಸಂದಿಯಿಂದ ಅವನ ಕಾಲ ಮೇಲೆಯೇ ಸುರಿಯಿತು. ಮತ್ತೆ ಎತ್ತಿದ, ಮತ್ತೆ ಸುರಿಯಿತು. ಹಿಂದೆ ಮಂದಿ ಪಾಳಿಯಲ್ಲಿ ನಿಂತಿದ್ದರು. ಶರಣು ಮೊದಲ ಸಲ ನನ್ನ ಮುಖ ನೋಡಿದ.

"ಏನ್ ನೋಡ್ತಿ? ಹಿಡಿ ಕೆಳಗ."

ಅವನ ಅಂಗೈ ಕೆಳಗೆ ನನ್ನ ಅಂಗೈ ಹಿಡಿದೆ. ಮೂರು ಸಲ ಹಾಗೆಯೇ ಎತ್ತಿ, ಹಾಗೆಯೇ ಇಬ್ಬರೂ ಸೇರಿ ಚಾಚಾ ಅವರಿಗೆ ಮಣ್ಣು ಕೊಟ್ಟೆವು.