ಕುಬಸದ ದಿನದ ಒಡಪು

ತಂಗಿಯ ಕುಬಸ ಹತ್ತಿರ ಬಂದಾಗಲೇ ಕೊಲ್ಲಿಯ ಕಡೆಯ ಎರಡು ದೇಶಗಳು ಕ್ಷಿಪಣಿ ಹಾರಿಸಿಕೊಳ್ಳಬೇಕೇ! ಅವಳ ಗಂಡ ಕೊಲ್ಲಿ ದೇಶವೊಂದರಲ್ಲಿ ಕ್ರೇನು ನಡೆಸುವವರು; ಬಸುರಿ ಹೆಂಡತಿಯ ಕುಬಸಕ್ಕೆಂದು ಟಿಕೆಟ್ ತೆಗೆಸಿ ಕುಳಿತಿದ್ದರು. ಜಗಳ ಅವರಿದ್ದ ದೇಶದ್ದಲ್ಲ. ಆದರೂ ಆ ದೇಶ ಹೆದರಿ ತನ್ನ ಆಕಾಶವನ್ನೇ ಮುಚ್ಚಿತು, ವಿಮಾನ ರದ್ದಾಯಿತು.

ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಬೀಳಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಮುಂಡರಗಿಯ ತವರಿನಲ್ಲಿ ನಾನೇ ಟಿವಿಯ ವೈರು ಕಿತ್ತು, "ಕೆಟ್ಟೈತಿ" ಎಂದೆ. "ರಜಾ ಸಿಕ್ಕಿಲ್ಲಂತ ಹೇಳ್ರಿ" ಎಂದು ಅವಳ ಗಂಡನಿಗೂ ಫೋನಿನಲ್ಲಿ ತಾಕೀತು ಮಾಡಿದೆ. ಆಮೇಲೆ ನನ್ನದೇ ಫಜೀತಿ. ಹಿತ್ತಲಿಗೆ ಹೋಗಿ ಫೋನಿನಲ್ಲಿ ಕದ್ದು ಸುದ್ದಿ ನೋಡುವುದು, ಒಳಗೆ ಬಂದು ಅವಳೆದುರು ಹಲ್ಲು ಕಿರಿಯುವುದು, ಮತ್ತೆ ಹಿತ್ತಲಿಗೆ ಓಡುವುದು. ಊಟವೂ ಸೇರಲಿಲ್ಲ.

ಹಮ್ಮಿಗಿಯಿಂದ ಬಂದ ಸೋದರಮಾವ ಕಟ್ಟೆಯ ಮೇಲೆ ಚಹಾ ಹೀರುತ್ತ ಜಗತ್ತಿನ ರಾಜಕೀಯ ಬಿಡಿಸಿಡುತ್ತಿದ್ದರು.

"ಇದೂ ಬದುವಿನ ಜಗಳನ ನೋಡವಾ. ಬಡದಾಡಾವರು ಇಬ್ರು. ಬಿಡಸಾಕ ಬಂದ ಹಿರ್ಯಾನ ಇಬ್ರಿಗೂ ಕೊಡ್ಲಿ ಮಾರ್ಯಾನ."

ನನ್ನ ಪಿತ್ತ ನೆತ್ತಿಗೇರಿತು. "ಅವರ ಬದು ಹಾಳಾಗ್ಲಿ, ಮಾಮಾ! ನಮ್ಮ ಹುಡುಗಿ ಏನ ಪಾಪ ಮಾಡಿತ್ತು?"

"ಸಾವಕಾಶ ಮಾತಾಡ, ಒಳಗ ಕೇಳಿಸ್ತೈತಿ" ಎಂದರು.

ಕುಬಸದ ದಿನ ಶಿರಹಟ್ಟಿಯಿಂದ ಅವಳ ಅತ್ತೆ ಬಂದರು. ತಂಗಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿದೆವು. ಅವಳು ನಗುತ್ತಲೇ ಇದ್ದಳು. ಉಡಿ ತುಂಬಿದ ಮೇಲೆ ಹೆಂಗಸರು ಬಿಡಬೇಕಲ್ಲ!

"ಒಡಪು ಹಾಕಿ ಗಂಡನ ಹೆಸರು ಹೇಳವಾ, ಸುಮ್ಮನ ಬಿಡಂಗಿಲ್ಲ!"

ಬೇಡವೆಂದು ನಾನು ಹೆಂಗಸರಿಗೆ ಕಣ್ಣುಸನ್ನೆ ಮಾಡಿದೆ. ಅವಳು ತಲೆ ತಗ್ಗಿಸಿಕೊಂಡೇ ಶುರು ಮಾಡಿದಳು:

"ದೊಡ್ಡವರು ಬಡದಾಡಿ ಮುಗಲಿಗೆ ಹಾಕ್ಯಾರ ಬೀಗ,
ಕ್ರೇನ್ ಹತ್ತಿ ಕುಂತ ನನ್ನ ರಾಯರು ಇಳದ ಬರೂದು ಯಾವಾಗ?"

ಕೊನೆಗೆ ಗಂಡನ ಹೆಸರು ಸೇರಿಸಿದಳು. ಯಾರೂ ನಗಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಿನಗ ಗೊತ್ತಿತ್ತೇನ?" ಎಂದೆ.

"ಮೊದಲ ದಿನಾನ ಅವರು ಫೋನಿನ್ಯಾಗ ಎಲ್ಲಾ ಹೇಳ್ಯಾರ. ನೀ ಇಷ್ಟ ಒದ್ದಾಡಿ ಮುಚ್ಚಿಡಾಕತ್ತಿದ್ದಿ, ಅದಕ್ಕ ಸುಮ್ಮನಿದ್ದೆ." ಅವಳು ಕಿತ್ತಿಟ್ಟ ವೈರಿನ ಕಡೆ ಕೈ ತೋರಿದಳು. "ಅಕ್ಕಾ, ಇನ್ನರೆ ಟಿವಿ ಹಚ್ಚು. ತೆರದೈತೇನ ನೋಡೂಣು."

ನಾನು ವೈರು ಚುಚ್ಚಿದೆ. ತುಂಬಿದ ಉಡಿ ಹಿಡಿದುಕೊಂಡೇ ಅವಳು ಬಂದು ಟಿವಿಯ ಮುಂದೆ ಕುಳಿತಳು. ಆರತಿ ತಟ್ಟೆ ಕೈಯಲ್ಲಿಟ್ಟುಕೊಂಡು ನಾವೆಲ್ಲ ಅವಳ ಹಿಂದೆ ನಿಂತೆವು. ಮುಗಿಲು ಇನ್ನೂ ತೆರೆದಿರಲಿಲ್ಲ.